ಸಿಂಬಾನನ್ನು ತಡೆದ ಕೋತಿಗಳು

ಪ್ರಶ್ನೆ: ಮೇಡಂ, 1997ರಲ್ಲಿ ನಮ್ಮ ಸೋದರಮಾವನ ಕಂಪ್ಯೂಟರ್‌ನಲ್ಲಿ ‘ಲಯನ್ ಕಿಂಗ್’ ಸಿನಿಮಾದ ಆಟ ಆಡುತ್ತಿದ್ದೆ. ಎರಡನೇ ಲೆವೆಲ್‌ನಲ್ಲಿ ಕೋತಿಗಳು ಸಿಂಹದ ಮರಿ ಸಿಂಬಾನನ್ನು ಎತ್ತಿ ಎತ್ತಿ ಎಸೆಯುತ್ತವಲ್ಲ, ಅಲ್ಲಿಂದ ಮುಂದೆ ಹೋಗಲು ಆಗಲೇ ಇಲ್ಲ. ಈಗ ಒಂಬತ್ತು ವರ್ಷದ ಮಗನ ಜೊತೆ ಮತ್ತೆ ಆಡುವ ಆಸೆ. ಮಕ್ಕಳ ಆಟವನ್ನು ಅಷ್ಟು ಕಷ್ಟ ಮಾಡಿದ್ದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಕೆಂದೇ ಕಷ್ಟ ಮಾಡಿದ್ದು. 1994ರಲ್ಲಿ ಈ ಆಟ ತಯಾರಿಸಿದ ವೆಸ್ಟ್‌ವುಡ್ ಸ್ಟುಡಿಯೋಸ್‌ನ ಸಹಸ್ಥಾಪಕ ಲೂಯಿ ಕ್ಯಾಸಲ್ ಇದನ್ನು ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ. ಆಗ ಅಮೆರಿಕದ ವಿಡಿಯೋ ಅಂಗಡಿಗಳು ಸಿನಿಮಾ ಕ್ಯಾಸೆಟ್‌ಗಳ ಜೊತೆ ಗೇಮ್‌ಗಳನ್ನೂ ಬಾಡಿಗೆಗೆ ಕೊಡುತ್ತಿದ್ದವು. ಶುಕ್ರವಾರ ತಂದ ಆಟವನ್ನು ಮಗು ಭಾನುವಾರದೊಳಗೆ ಮುಗಿಸಿಬಿಟ್ಟರೆ ಅಪ್ಪ ಅಮ್ಮ ಅದನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾರೆ? ಹಾಗಾಗಿ ಬಾಡಿಗೆಗೆ ತಂದವರು ಬೇಗ ದಾಟಿ ಹೋಗದಂತೆ ಮಾಡಿ ಎಂದು ಸಿನಿಮಾ ಮಾಡಿದ ಡಿಸ್ನಿ ಕೇಳಿತು. ಎರಡನೇ ಲೆವೆಲ್ ಬಿಗಿಯಾಯಿತು. ಬಾಡಿಗೆ ಅಂಗಡಿಯ ಮುಖವನ್ನೇ ನೋಡದ ದಾವಣಗೆರೆಯ ಹುಡುಗ ಅದರ ಪೆಟ್ಟು ತಿಂದ!

ಆ ಕಾಲದಲ್ಲಿ ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಆಗಿನ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್‌ನ ಕಮಾಂಡ್ ಕಲಿಯಲು ಬಂದ ಮಕ್ಕಳು ಕ್ಲಾಸ್ ಮುಗಿದ ಮೇಲೂ ಏಳುತ್ತಿರಲಿಲ್ಲ. ಸೌಂಡ್ ಕಾರ್ಡ್ ಇದ್ದದ್ದು ಒಂದೇ ಯಂತ್ರಕ್ಕೆ, ಅದರ ಮುಂದೆ ಸಾಲು. ಆಟ ಫ್ಲಾಪಿಗಳಲ್ಲಿ ಕೈಯಿಂದ ಕೈಗೆ ಬಂದಿರುತ್ತಿತ್ತು, ಜೊತೆಗೆ ಕೈಪಿಡಿ ಬರುತ್ತಿರಲಿಲ್ಲ. ಕೋತಿಗಳ ಗುಟ್ಟು ಗೊತ್ತಾಗದೆ ಎಷ್ಟೋ ಮಕ್ಕಳು ಅಳುಮುಖ ಮಾಡಿಕೊಂಡು ಮನೆಗೆ ಹೋದದ್ದು ನೋಡಿದ್ದೇನೆ.

ಗುಟ್ಟು ಇಷ್ಟೇ. ಗುಲಾಬಿ ಬಣ್ಣದ ಕೋತಿಯ ಹತ್ತಿರ ನಿಂತು ಸಿಂಬಾ ಗರ್ಜಿಸಿದರೆ ಅದು ತಿರುಗಿ ನಿಲ್ಲುತ್ತದೆ. ಆಮೇಲೆ ಬೇರೆ ದಿಕ್ಕಿಗೆ ಎಸೆಯುತ್ತದೆ. ಯಾವ ಕೋತಿಯನ್ನು ತಿರುಗಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದೇ ಒಗಟು. ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯವರೆಗೆ ಹೋದವರು ಅಲ್ಲಿ ಸಿಕ್ಕಿಬೀಳುತ್ತಾರೆ: ಖಳನಾಯಕ ಸ್ಕಾರ್‌ನನ್ನು ಹೊಡೆದು ಸುಸ್ತು ಮಾಡಿದರೆ ಸಾಲದು, ಬಂಡೆಯ ಅಂಚಿಗೆ ತಂದು ಹಿಡಿದು ಕೆಳಕ್ಕೆ ಎಸೆಯಬೇಕು.

ಮಗನ ಜೊತೆ ಆಡಲು 2019ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಿದ್ಧಪಡಿಸಿದ ‘ಅಲ್ಲಾದೀನ್’ ಮತ್ತು ‘ಲಯನ್ ಕಿಂಗ್’ ಸಂಗ್ರಹ ಒಳ್ಳೆಯದು. ಪಿಸಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೋ ಸ್ವಿಚ್ ಎಂಬ ಗೇಮ್ ಯಂತ್ರಗಳಿಗೆ ಬಂದಿದೆ. ಬಿದ್ದರೆ ಆಟವನ್ನು ಹಿಂದಕ್ಕೆ ಸುತ್ತಿ ಅಲ್ಲಿಂದಲೇ ಆಡಬಹುದು. ಇದನ್ನು ಮೋಸ ಅನ್ನಬೇಡಿ. ಬಾಡಿಗೆ ಲೆಕ್ಕಕ್ಕಾಗಿ ಕಟ್ಟಿದ ಗೋಡೆ ಅದು. ಇಂದಿನ ಮಗು ಅದಕ್ಕೆ ತಲೆ ಚಚ್ಚಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ‘ಅಲ್ಲಾದೀನ್’ ಆಟದಲ್ಲಿ ಕತ್ತಿ ಇತ್ತು ಎಂದು ನಾನು, ಇರಲಿಲ್ಲ ಎಂದು ಅಣ್ಣ. ಯಾರು ಸರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬರೂ ಸರಿ. 1993ರಲ್ಲಿ ಒಂದೇ ಸಿನಿಮಾದ ಮೇಲೆ ಎರಡು ಬೇರೆ ಬೇರೆ ಆಟಗಳು ಬಂದವು. ಸೆಗಾ ಕಂಪನಿಯ ಗೇಮ್ ಯಂತ್ರಕ್ಕೆ ವರ್ಜಿನ್ ಗೇಮ್ಸ್‌ನಲ್ಲಿ ಡೇವಿಡ್ ಪೆರ್ರಿಯ ತಂಡ ಮಾಡಿದ್ದು ಒಂದು. ನಮ್ಮ ಡಾಸ್ ಕಂಪ್ಯೂಟರ್‌ಗಳಿಗೆ ಬಂದದ್ದೂ ಅದೇ. ಅದರಲ್ಲಿ ಕತ್ತಿ ಇದೆ. ನಿಂಟೆಂಡೋ ಯಂತ್ರಕ್ಕೆ ಜಪಾನಿನ ಕ್ಯಾಪ್‌ಕಾಮ್ ಮಾಡಿದ್ದು ಇನ್ನೊಂದು. ಅದರಲ್ಲಿ ಕತ್ತಿಯಿಲ್ಲ, ಶತ್ರುವಿನ ತಲೆಯ ಮೇಲೆ ಹಾರಬೇಕು, ಕಂಬ ಹಿಡಿದು ತಿರುಗಬೇಕು, ಬಟ್ಟೆಯ ತುಂಡೊಂದನ್ನು ಛತ್ರಿಯಂತೆ ಹಿಡಿದು ಗಾಳಿಯಲ್ಲಿ ತೇಲಬೇಕು. ಇದರ ವಿನ್ಯಾಸದಲ್ಲಿದ್ದ ಶಿಂಜಿ ಮಿಕಾಮಿ ಮೂರು ವರ್ಷದ ನಂತರ ‘ರೆಸಿಡೆಂಟ್ ಈವಿಲ್’ ಎಂಬ ಭಯಾನಕ ಆಟವನ್ನು ನಿರ್ದೇಶಿಸಿದವರು.

ನನಗೆ ಪ್ರಿಯವಾದದ್ದು ಕತ್ತಿಯಿರುವ ಆಟ. ಅದಕ್ಕೆ ಡಿಸ್ನಿಯ ಚಿತ್ರಕಲಾವಿದರೇ ಕಾಗದದ ಮೇಲೆ ಚಿತ್ರ ಬರೆದುಕೊಟ್ಟರು. ಅವನ್ನು ಸ್ಕ್ಯಾನ್ ಮಾಡಿ, ಬಣ್ಣ ತುಂಬಿ, ಆಗಿನ ಚಿಕ್ಕ ಮೆಮೊರಿಯೊಳಗೆ ಹಿಡಿಸಿದರು. ಅಲ್ಲಾದೀನನ ಊರಾದ ಅಗ್ರಾಬಾದ ಸಂತೆಯಲ್ಲಿ ಕೆಂಡದ ಮೇಲೆ ಕಾಲಿಟ್ಟ ಕಾವಲುಗಾರ ಕುಣಿಯುವುದನ್ನು ನಿಧಾನವಾಗಿ ನೋಡಿ. ಒಂಟೆಯ ಬೆನ್ನ ಮೇಲೆ ಹಾರಿ, ಅದು ಹೇಗೆ ಉಗುಳುತ್ತದೆ ನೋಡಿ. ಇವನ್ನು ಯಾರೋ ಪೆನ್ಸಿಲ್ ಹಿಡಿದು ಬರೆದಿದ್ದಾರೆ. ಸಿನಿಮಾ ಹೆಸರಿನ ಆಟಗಳೆಲ್ಲ ಬರೀ ಜಾಹೀರಾತು ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಹೆಸರು ಬಾಡಿಗೆಯದಾದರೂ ಆಟ ಮಾಡಿದ ಕೈಗಳ ಕೆಲಸ ಅವರದೇ. ಒಂದೇ ಕಥೆ ಎರಡು ತಂಡಗಳ ಕೈಯಲ್ಲಿ ಹೇಗೆ ಎರಡು ಆಟವಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ಆಡಿದರೆ ಇದು ತಾನಾಗಿ ತಿಳಿಯುತ್ತದೆ.

2019ರ ಸಂಗ್ರಹದಲ್ಲಿ ಕ್ಯಾಪ್‌ಕಾಮ್‌ನ ಅಲ್ಲಾದೀನ್ ಇರಲಿಲ್ಲ. 2021ರಲ್ಲಿ ಬಂದ ಎರಡನೇ ಸಂಗ್ರಹಕ್ಕೆ ‘ಜಂಗಲ್ ಬುಕ್’ ಜೊತೆ ಅದೂ ಸೇರಿತು. ನೀವಿಬ್ಬರೂ ಆಡುವುದಾದರೆ ಆ ಎರಡನೇ ಸಂಗ್ರಹವನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಟಿವಿಗೆ ಹಾಕುವ ಗೇಮ್ ಕ್ಯಾಸೆಟ್‌ನಲ್ಲೂ ಅಲ್ಲಾದೀನ್ ಇತ್ತಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಇತ್ತು. ನಮ್ಮಲ್ಲಿ ಸಿಗುತ್ತಿದ್ದ ಅಗ್ಗದ ಯಂತ್ರಗಳು ನಿಂಟೆಂಡೋ ಕಂಪನಿಯ ‘ಫ್ಯಾಮಿಕಾಮ್’ ಗೇಮ್ ಯಂತ್ರದ ನಕಲುಗಳು. ಅವುಗಳಿಗೆ ಲೈಸೆನ್ಸ್ ಇಲ್ಲದೆ ತೈವಾನ್‌ನಲ್ಲಿ ಅಲ್ಲಾದೀನ್ ಆಟ ತಯಾರಾಯಿತು. ಕ್ಯಾಪ್‌ಕಾಮ್‌ನ ಆಟವನ್ನು ನೋಡಿ ಮಾಡಿದ್ದದು.

ಪ್ರಶ್ನೆ: ಮೇಡಂ, ಅಮೆರಿಕಕ್ಕೆ ಬಂದ ಹೊಸದರಲ್ಲಿ ರೂಮ್‌ಮೇಟ್‌ಗಳ ಜೊತೆ ‘ಗೋಲ್ಡನ್‌ಐ’ ಎಂಬ ಜೇಮ್ಸ್ ಬಾಂಡ್ ಸಿನಿಮಾದ ಆಟವನ್ನು ನಾಲ್ವರು ಸೇರಿ ಆಡುತ್ತಿದ್ದೆವು. ಇಷ್ಟು ಪ್ರಸಿದ್ಧ ಆಟ ಎಷ್ಟೋ ವರ್ಷ ಅಂಗಡಿಯಲ್ಲಿ ಕಾಣಲೇ ಇಲ್ಲ. ಯಾಕೆ?
– ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಒಡೆತನ ಹಂಚಿಹೋಗಿದ್ದರಿಂದ. ಜೇಮ್ಸ್ ಬಾಂಡ್ ಹಕ್ಕು ಸಿನಿಮಾದವರದು. 1997ರಲ್ಲಿ ಆಟ ಮಾಡಿದ್ದು ಇಂಗ್ಲೆಂಡಿನ ರೇರ್ ಕಂಪನಿ, ಪ್ರಕಟಿಸಿದ್ದು ನಿಂಟೆಂಡೋ. 2002ರಲ್ಲಿ ರೇರ್ ಮೈಕ್ರೋಸಾಫ್ಟ್ ಪಾಲಾಯಿತು. ಇಷ್ಟು ಜನ ಒಟ್ಟಿಗೆ ಒಪ್ಪಿದರೆ ಮಾತ್ರ ಮರುಬಿಡುಗಡೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ಕ್ಕಾಗಿ ಹೊಸ ರೂಪ ಹೆಚ್ಚುಕಡಿಮೆ ಸಿದ್ಧವಾಗಿಯೂ ಇದೇ ಕಾರಣಕ್ಕೆ ಮೂಲೆ ಸೇರಿತು. ಎಂಬತ್ತು ಲಕ್ಷ ಪ್ರತಿ ಮಾರಾಟವಾದ ಆಟಕ್ಕೇ ಈ ಗತಿ!

ಇದು ನನಗೆ ನಿಜಕ್ಕೂ ನೋವಿನ ವಿಷಯ. ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ‘ಡಕ್‌ಟೇಲ್ಸ್’ ಕಾರ್ಟೂನ್ ನಿಮಗೆ ನೆನಪಿರಬಹುದು. ಅದರ ಹಳೆಯ ಆಟಕ್ಕೆ 2013ರಲ್ಲಿ ಚೆಂದದ ಹೊಸ ರೂಪ ಬಂತು. 2019ರ ಆಗಸ್ಟ್‌ನಲ್ಲಿ ಡಿಜಿಟಲ್ ಅಂಗಡಿಗಳಿಂದ ಹೋಯಿತು, 2020ರಲ್ಲಿ ಮತ್ತೆ ಬಂತು. ಲೈಸೆನ್ಸ್ ಇರುವ ಆಟ ಇಷ್ಟವಾದರೆ ಸಿಗುವಾಗಲೇ ಕೊಂಡಿಡಿ, ರಿಯಾಯಿತಿಗೆ ಕಾಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಗೋಲ್ಡನ್‌ಐ ಕೊನೆಗೂ 2023ರ ಜನವರಿಯಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಎರಡಕ್ಕೂ ಬಂತು. ಎಕ್ಸ್‌ಬಾಕ್ಸ್‌ನಲ್ಲಿ ಚಿತ್ರ ಸ್ಪಷ್ಟ, ಆದರೆ ನಾಲ್ವರೂ ಒಂದೇ ಟಿವಿ ಮುಂದೆ ಕೂರಬೇಕು. ನಿಮ್ಮ ರೂಮ್‌ಮೇಟ್‌ಗಳು ಈಗ ಬೇರೆ ಬೇರೆ ಊರಿನಲ್ಲಿದ್ದರೆ ಸ್ವಿಚ್‌ನದೇ ಬೇಕು. ಇಂಟರ್‌ನೆಟ್ ಮೂಲಕ ಆಡುವ ಸೌಕರ್ಯ ಅದರಲ್ಲಿ ಮಾತ್ರ ಕೊಟ್ಟಿದ್ದಾರೆ.