22 ಪುಟ ಬರೆದು ಕಳ್ಸಿದ್ರೂ ಗ್ರ್ಯಾಂಟ್ ಯಾಕೆ ಸಿಗ್ಲಿಲ್ಲ?

ಪ್ರಶ್ನೆ: ನಮ್ಮದು ಐದು ಜನ ಸೇರಿ ನಡೆಸ್ತಿರೋ ಚಿಕ್ಕ ಸಂಸ್ಥೆ, ಸಂಜೆ ಹೊತ್ತು ಮಕ್ಕಳಿಗೆ ಓದೋದು ಬರೆಯೋದು ಹೇಳ್ಕೊಡ್ತೀವಿ. ಹೋದ ವರ್ಷ ಗ್ರ್ಯಾಂಟ್, ಅಂದ್ರೆ ಸಹಾಯಧನ ಕೇಳಿ ಮೂರು ಫ್ಯಾಮಿಲಿ ಫೌಂಡೇಶನ್‌ಗಳಿಗೆ 22 ಪುಟದ ಪ್ರಪೋಸಲ್ ಕಳ್ಸಿದ್ವಿ. ಎರಡು ಕಡೆಯಿಂದ ಉತ್ತರಾನೇ ಇಲ್ಲ, ಇನ್ನೊಂದು ಕಡೆಯಿಂದ "ನಮ್ಮ ಆದ್ಯತೆಗೆ ಹೊಂದೋದಿಲ್ಲ" ಅಂತ ಒಂದೇ ಸಾಲು. ಎಲ್ಲಿ ಎಡವಿದ್ವಿ? ಒಂದು ಫೌಂಡೇಶನ್ನಿನ ಟ್ರಸ್ಟಿ ನಮ್ಮವರೊಬ್ಬರಿಗೆ ಪರಿಚಯ, ಅವರಿಂದ ಹೇಳಿಸ್ಬಹುದಾ?

ಉತ್ತರ: ಪ್ರಪೋಸಲ್ ಚೆನ್ನಾಗಿರ್ಲಿಲ್ಲ ಅಂತ ಕೊರಗ್ಬೇಡಿ, ಅದನ್ನ ಯಾರಾದ್ರೂ ಪೂರ್ತಿ ಓದಿರೋದೇ ಡೌಟು. ಮೂರೂ ಕಡೆ ಅದೇ ಫೈಲು, ಮೇಲಿನ ಹೆಸರು ಮಾತ್ರ ಚೇಂಜ್ ಮಾಡಿ ಕಳ್ಸಿರ್ತೀರಿ ಅಲ್ವಾ? ನಾನೂ ಶುರುನಲ್ಲಿ ಅದನ್ನೇ ಮಾಡಿದ್ದು, ಒಂದ್ಸಲ ಒಳಗಡೆ ಬೇರೆ ಫೌಂಡೇಶನ್ ಹೆಸರು ಹಾಗೇ ಉಳ್ಕೊಂಡು ಮಾನ ಹೋಗಿತ್ತು.

ಫ್ಯಾಮಿಲಿ ಫೌಂಡೇಶನ್ ಅಂದ್ರೆ ಒಂದು ಮನೆತನ ತನ್ನ ದುಡ್ಡಲ್ಲಿ ದಾನ ಕೊಡೋಕೆ ಅಂತ ಮಾಡ್ಕೊಂಡಿರೋ ಸಂಸ್ಥೆ, ಅಣ್ಣ ತಂಗಿ ಮಕ್ಕಳು ಸೊಸೆ ಇವರೇ ಟ್ರಸ್ಟಿಗಳು, ಎಷ್ಟೋ ಕಡೆ ಅರ್ಜಿ ಓದೋಕೆ ಅಂತ ಸಂಬಳದವರು ಒಬ್ಬರೂ ಇರಲ್ಲ, ಎಲ್ರೂ ವರ್ಷಕ್ಕೆ ಒಂದೋ ಎರಡೋ ಸಲ ಕೂತು ತೀರ್ಮಾನ ಮಾಡ್ತಾರೆ ಅಷ್ಟೇ. ಮೀಟಿಂಗ್ ಮುಗಿದ ಮಾರನೇ ದಿನ ನಿಮ್ಮ ಅರ್ಜಿ ಹೋದ್ರೆ ಮುಂದಿನ ಮೀಟಿಂಗ್‌ವರೆಗೂ ಅದು ಬಿದ್ದಿರತ್ತೆ. ಹಾಗಾಗಿ ಮೀಟಿಂಗ್ ಯಾವಾಗ, ಕೊನೇ ದಿನ ಯಾವುದು ಅಂತ ಒಂದು ಮೇಲ್ ಹಾಕಿ ಕೇಳ್ಕೊಳ್ಳಿ, ಕೇಳಿದ್ರೆ ಯಾರೂ ತಪ್ಪು ತಿಳ್ಕೊಳಲ್ಲ.

ಅದಕ್ಕೂ ಮುಂಚೆ ಮಾಡ್ಬೇಕಾಗಿದ್ದ ಕೆಲಸ ಒಂದಿತ್ತು, ನೀವು ಬಿಟ್ಟಿರೋದು ಅದನ್ನೇ ಅನ್ಸತ್ತೆ. ಅವರು ಇಲ್ಲೀವರೆಗೂ ಯಾರಿಗೆ, ಎಷ್ಟು ಕೊಟ್ಟಿದ್ದಾರೆ ನೋಡೋದು. ವೆಬ್‌ಸೈಟಲ್ಲಿ "ಶಿಕ್ಷಣ" ಅಂತ ಬರ್ಕೊಂಡಿರ್ತಾರೆ, ಕೊಟ್ಟಿರೋ ಲಿಸ್ಟ್ ನೋಡಿದ್ರೆ ಬರೀ ಕಾಲೇಜು ಸ್ಕಾಲರ್‌ಶಿಪ್ಪು. ಅಮೆರಿಕಾದ ಫೌಂಡೇಶನ್ ಆದ್ರೆ ಇದು ಸುಲಭ, ಅಲ್ಲಿ ಪ್ರತಿ ಪ್ರೈವೇಟ್ ಫೌಂಡೇಶನ್ನೂ (ಫ್ಯಾಮಿಲಿ ಫೌಂಡೇಶನ್ ಸಾಮಾನ್ಯವಾಗಿ ಇದೇ ಗುಂಪಿಗೆ ಬರತ್ತೆ) ವರ್ಷಾ ವರ್ಷ ತೆರಿಗೆ ಇಲಾಖೆಗೆ 990-ಪಿಎಫ್ ಅನ್ನೋ ಫಾರ್ಮ್ ಕೊಡ್ಬೇಕು, ಯಾರಿಗೆ ಎಷ್ಟು ಯಾಕೆ ಕೊಟ್ರು, ಟ್ರಸ್ಟಿಗಳು ಯಾರು ಎಲ್ಲಾ ಅದರಲ್ಲಿರತ್ತೆ, ಪ್ರೊಪಬ್ಲಿಕಾ ಅನ್ನೋ ಅಲ್ಲಿನ ಸುದ್ದಿ ಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ವೆಬ್‌ಸೈಟಲ್ಲಿ ಫ್ರೀಯಾಗಿ ಓದ್ಬಹುದು. ಅದೇ ಫಾರ್ಮಲ್ಲಿ ಒಂದು ಚಿಕ್ಕ ಚೌಕ ಇದೆ, ತಾವೇ ಮೊದಲೇ ಆರಿಸ್ಕೊಂಡ ಸಂಸ್ಥೆಗಳಿಗಷ್ಟೇ ಕೊಡ್ತೀವಿ, ಬೇರೆ ಅರ್ಜಿ ತಗೊಳಲ್ಲ ಅನ್ನೋರು ಅಲ್ಲಿ ಟಿಕ್ ಹಾಕಿರ್ತಾರೆ. ಟಿಕ್ ಕಂಡ್ರೆ ಅವರಿಗೆ 22 ಪುಟ ಬರೆಯೋದು ಬಿಡಿ, 2 ಪುಟ ಬರೆದ್ರೂ ದಂಡ. ಇಂಗ್ಲೆಂಡ್, ವೇಲ್ಸ್ ಕಡೆಯವರಾದ್ರೆ ಅಲ್ಲಿನ ದತ್ತಿ ಸಂಸ್ಥೆಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಚಾರಿಟಿ ಕಮಿಷನ್‌ನ ರಿಜಿಸ್ಟರ್‌ನಲ್ಲಿ ಸಾಮಾನ್ಯವಾಗಿ ಲೆಕ್ಕಪತ್ರ ಸಿಗತ್ತೆ. ಇಂಥದ್ದು ಏನೂ ಸಿಗ್ಲಿಲ್ಲ ಅಂದ್ರೆ ನಿಮ್ಮ ಥರದ್ದೇ ಬೇರೆ ಸಂಸ್ಥೆಗಳ ವಾರ್ಷಿಕ ವರದಿ ತೆಗೆದು ಕೊನೇ ಪುಟದ ಧನ್ಯವಾದದ ಪಟ್ಟಿ ನೋಡಿ. ನಾನಂತೂ ವರದಿನ ಹಿಂದಿನಿಂದಾನೇ ಓದೋದು.

ಲಿಸ್ಟ್ ನೋಡಿದ್ರೆ ಎಷ್ಟು ಕೇಳ್ಬೇಕು ಅನ್ನೋದೂ ಗೊತ್ತಾಗತ್ತೆ. ಹೊಸಬರಿಗೆ ಅವರು ಮೊದಲ ಸಲ ಎಷ್ಟು ಕೊಡ್ತಾರೋ ಅದರ ಆಸುಪಾಸಲ್ಲಿ ಕೇಳಿ. ಇಡೀ ವರ್ಷದ ಖರ್ಚನ್ನ ಒಬ್ಬರ ತಲೆ ಮೇಲೆ ಹಾಕ್ಬೇಡಿ, ನಾಳೆ ನಾವು ನಿಲ್ಲಿಸಿದ್ರೆ ಇವರು ಬಾಗಿಲು ಹಾಕ್ಕೊಂಡು ಹೋಗ್ತಾರೆ ಅನ್ನೋ ಭಯ ಅವರಿಗೂ ಇರತ್ತೆ. ಬಾಡಿಗೆ, ಆಡಿಟ್ ಖರ್ಚು ಬಜೆಟ್ಟಲ್ಲಿ ಮುಚ್ಚಿಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಬಿಸಿನೆಸ್ ಮಾಡಿದ ಮನೆತನಕ್ಕೆ ಬಾಡಿಗೆ ಇಲ್ಲದ ಲೆಕ್ಕ ನೋಡಿದ್ರೆ ಮೊದಲು ಅನುಮಾನ ಬರೋದೇ ಅಲ್ಲಿ.

ಅವರದ್ದೇ ಫಾರ್ಮ್ ಇದ್ರೆ ಅದನ್ನೇ ತುಂಬಿ, ಇಲ್ದಿದ್ರೆ ಮೊದಲು ಒಂದೂವರೆ ಪುಟದ ಪತ್ರ ಸಾಕು. "ಕಟ್ಟಕಡೆಯ ಮಗುವಿನ ಸರ್ವತೋಮುಖ ಅಭಿವೃದ್ಧಿಯೇ ನಮ್ಮ ಧ್ಯೇಯ" ಅಂತ ಶುರು ಮಾಡಿದ್ರೆ ಎರಡನೇ ಸಾಲಿಗೆ ಯಾರೂ ಬರಲ್ಲ. ಹೀಗೆ ಬರೀರಿ, ಅಂಕಿ ನಿಮ್ಮದು ಹಾಕ್ಕೊಳ್ಳಿ: "ವಾರಕ್ಕೆ ಐದು ಸಂಜೆ 40 ಮಕ್ಕಳು ಬರ್ತಾರೆ. ಜೂನ್‌ನಲ್ಲಿ ಇವರಲ್ಲಿ 31 ಮಕ್ಕಳಿಗೆ ಒಂದು ಪ್ಯಾರಾ ತಡವರಿಸದೆ ಓದೋಕೆ ಬರ್ತಿರ್ಲಿಲ್ಲ, ಈಗ ಅಂಥೋರು 12. ಇನ್ನೂ 15 ಮಕ್ಕಳು ಕಾಯ್ತಿದ್ದಾರೆ, ಇನ್ನೊಬ್ಬ ಟೀಚರ್‌ಗೆ ಒಂದು ವರ್ಷದ ಸಂಬಳ ಬೇಕು." ಆಮೇಲೆ ಮೊತ್ತ, ಉಳಿದ ದುಡ್ಡು ಎಲ್ಲಿಂದ ಬರತ್ತೆ, ರಿಜಿಸ್ಟ್ರೇಶನ್ ವಿವರ. 12 ಮಕ್ಕಳು ಯಾಕೆ ಇನ್ನೂ ಹಿಂದಿದ್ದಾರೆ ಅನ್ನೋದನ್ನೂ ಒಂದು ಸಾಲು ಬರೀರಿ.

ಟ್ರಸ್ಟಿ ಪರಿಚಯ ಖಂಡಿತ ಬಳಸ್ಕೊಳ್ಳಿ, ಆದ್ರೆ "ಕೊಡಿಸಿ ಸಾರ್" ಅನ್ನೋಕಲ್ಲ. "ನಮ್ಮ ಕೆಲಸ ನಿಮ್ಮ ಮನೆಯವರ ಆಸಕ್ತಿಗೆ ಹೊಂದತ್ತಾ, ಒಂದು ಸಂಜೆ ಬಂದು ನೋಡ್ತೀರಾ" ಅಂತ ಕೇಳಿ ಸಾಕು. ಬೇರೆ ಟ್ರಸ್ಟಿಗಳ ಮುಂದೆ ಅವರಿಗೆ ಮುಜುಗರ ಆಗ್ಬಾರ್ದು, ಅರ್ಜಿ ಎಲ್ಲರ ಥರಾನೇ ಕಳ್ಸಿ.

ಆ ಒಂದು ಸಾಲಿನ ಉತ್ತರ ಕೊಟ್ರಲ್ಲ, ಅವರಿಗೆ ಈಗ್ಲೇ ಮೇಲ್ ಮಾಡಿ. ಓದಿದ್ದಕ್ಕೆ ಥ್ಯಾಂಕ್ಸ್ ಹೇಳಿ, ನಿಮ್ಮ ಆದ್ಯತೆ ಸದ್ಯಕ್ಕೆ ಯಾವುದು ಅಂತ ಕೇಳಿ. ಮೂರರಲ್ಲಿ ನಿಮಗೆ ಉತ್ತರ ಬರೆಯೋ ಮನುಷ್ಯರು ಇದ್ದಿದ್ದು ಅಲ್ಲೊಂದೇ ಕಡೆ.