ಗದ್ದಲ ಆಗದ ಹುಡುಗಿಗೆ ಹಬ್ಬ

ಪ್ರಶ್ನೆ: ಆಟಿಸಂ ಇರುವ ಯಹೂದಿ ಹುಡುಗಿಯ ಬಗ್ಗೆ ಮಕ್ಕಳ ಕಥೆ ಬರೆಯುತ್ತಿದ್ದೇನೆ, ಮೇಡಂ. ಎಲ್ಲಿಂದ ಶುರು ಮಾಡಲಿ?
– ಓದುಗರು, ಜಯನಗರ

ಉತ್ತರ: ಯಹೂದಿಗಳ ಪಸ್ಕ (ಪಾಸೋವರ್) ಹಬ್ಬದ ಊಟದಿಂದ. ಅದರ ಹೆಸರು ಸೇಡರ್. ಹೀಬ್ರೂನಲ್ಲಿ ಹಾಗೆಂದರೆ ‘ಕ್ರಮ’. 15 ಹಂತ, ಪ್ರತಿ ವರ್ಷವೂ ಅದೇ. ಮುಂದೇನು ಅಂತ ಮೊದಲೇ ಗೊತ್ತಿರಬೇಕು ಅನ್ನುವ ಮಗುವಿಗೆ ಎಷ್ಟು ನೆಮ್ಮದಿ, ಅಲ್ವಾ? ಆ ಊಟದಲ್ಲಿ ‘ಈ ರಾತ್ರಿ ಯಾಕೆ ಬೇರೆ?’ ಅನ್ನುವ ನಾಲ್ಕು ಪ್ರಶ್ನೆ ಕೇಳುವುದೂ ಸಾಮಾನ್ಯವಾಗಿ ಮನೆಯ ಕಿರಿಯ ಮಗುವೇ.

ಪೂರಿಮ್ ಅನ್ನುವ ಇನ್ನೊಂದು ಯಹೂದಿ ಹಬ್ಬ ಕಷ್ಟ. ಅವತ್ತು ಓದುವ ಎಸ್ತೇರಳ ಕಥೆಯಲ್ಲಿ ಖಳನಾಯಕ ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ ಆಡಿಸಿ ಗಲಾಟೆ ಮಾಡುತ್ತಾರೆ. ನನ್ನ ಮಗ ದೀಪಾವಳಿ ಪಟಾಕಿಗೆ ಬೀರುವಿನ ಪಕ್ಕ ಮುದುಡಿ ಕೂರುತ್ತಿದ್ದ. ಹೆಡ್‌ಫೋನ್ ಕೊಟ್ಟ ಮೇಲೆ ಹೊಸಿಲವರೆಗೆ ಬಂದ, ಅಷ್ಟೇ. ನಿಮ್ಮ ಹುಡುಗಿಯೂ ಅಷ್ಟೇ ಬರಲಿ. ಕೊನೆಯ ಪುಟದಲ್ಲಿ ಅವಳನ್ನು ಸುಮ್ನೆ ‘ಸರಿ’ ಮಾಡಬೇಡಿ. ಅಚ್ಚಿಗೆ ಮುಂಚೆ ಒಬ್ಬ ಯಹೂದಿ ತಾಯಿಗೂ, ಆಟಿಸಂ ಇರುವವರಿಗೂ ಓದಿಸಿ.