ಮೊದಲ ಕೇಸ್ ರಿಪೋರ್ಟ್: ಎಲ್ಲಿಂದ ಶುರು ಮಾಡಬೇಕು, ರಿಜೆಕ್ಟ್ ಆಗದ ಹಾಗೆ ಹೇಗೆ ಬರೆಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ನೀವು ಮೆಡಿಸಿನ್ ಪಿ.ಜಿ. ಎರಡನೇ ವರ್ಷ, ವಾರ್ಡಿನಲ್ಲಿ ಅಪರೂಪದ ಕೇಸೊಂದಿದೆ, ನಾಲ್ಕೈದು ದಿನದಲ್ಲಿ ಡಿಸ್ಚಾರ್ಜ್, ಗೈಡ್ "ಕೇಸ್ ರಿಪೋರ್ಟ್ ಬರೆದು ಜರ್ನಲ್‌ಗೆ ಕಳಿಸು" (ಅಂದರೆ ಆ ಒಬ್ಬ ರೋಗಿಯ ಕಾಯಿಲೆ, ಚಿಕಿತ್ಸೆ ಹೇಳುವ ಚಿಕ್ಕ ವೈದ್ಯಕೀಯ ಲೇಖನ) ಅಂದಿದ್ದಾರೆ, ಇದುವರೆಗೆ ಒಂದಕ್ಷರ ಬರೆದು ಅಭ್ಯಾಸವಿಲ್ಲ.

ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ. ಮೊದಲು ವಾರ್ಡಿಗೆ ಹೋಗಿ, ರೋಗಿಯ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತು, ಒಪ್ಪಿಗೆ ಕೇಳಿ. ನಾನು ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು. ನನ್ನ ಮೊಟ್ಟಮೊದಲ ಕೇಸ್ ರಿಪೋರ್ಟನ್ನು ಎರಡು ತಿಂಗಳು ಕೂತು ಬರೆದೆ. ಸಬ್ಮಿಟ್ ಮಾಡುವ ರಾತ್ರಿ ಸ್ಕ್ರೀನ್ ಮೇಲೆ "ರೋಗಿಯ ಸಹಿ ಇರುವ ಒಪ್ಪಿಗೆ ಪತ್ರ ಅಪ್‌ಲೋಡ್ ಮಾಡಿ" ಅಂತ ಬಂತು. ಕೇಸ್ ಶೀಟಿನಲ್ಲಿದ್ದ ಫೋನ್ ನಂಬರ್ ಸ್ವಿಚ್ ಆಫ್. ವಿಳಾಸಕ್ಕೆ ಬರೆದ ಕಾಗದ ವಾಪಸ್ ಬಂತು. ಆ ಲೇಖನ ಇವತ್ತಿಗೂ ನನ್ನ ಪೆನ್‌ಡ್ರೈವ್‌ನಲ್ಲೇ ಇದೆ.

ಅಡ್ಮಿಟ್ ಆಗುವಾಗಲೋ ಆಪರೇಷನ್‌ಗೆ ಮುಂಚೆಯೋ ಹಾಕಿಸಿಕೊಂಡ ಸಹಿ ಇದಕ್ಕೆ ನಡೆಯುವುದಿಲ್ಲ. ಪ್ರಕಟಣೆಗೆ ಬೇರೆಯೇ ಒಪ್ಪಿಗೆ ಬೇಕು, ಅದೂ ಅವರಿಗೆ ಅರ್ಥವಾಗುವ ಮಾತಿನಲ್ಲಿ. ಹೆಸರು ಹಾಕುವುದಿಲ್ಲ, ಆದರೂ ಹತ್ತಿರದವರು ಓದಿದರೆ ಗುರುತು ಹಿಡಿಯಬಹುದು. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಒಮ್ಮೆ ಪ್ರಕಟವಾದರೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಬೇಡ ಅಂದರೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಈ ನಾಲ್ಕನ್ನೂ ಬಾಯಿಬಿಟ್ಟು ಹೇಳಿ. ಮಕ್ಕಳಾದರೆ ತಂದೆತಾಯಿಯ ಸಹಿ, ರೋಗಿ ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಕರದು. ಬಿಎಂಜೆ ಕೇಸ್ ರಿಪೋರ್ಟ್ಸ್ ಥರದ ಜರ್ನಲ್‌ಗಳು ತಮ್ಮದೇ ಫಾರಂ ಕೇಳುತ್ತವೆ. ಹಾಗಾಗಿ ಯಾವ ಯಾವ ಜರ್ನಲ್‌ಗೆ ಕಳಿಸಬಹುದು ಅಂತ ಇವತ್ತೇ ಗೈಡ್ ಹತ್ತಿರ ಮಾತಾಡಿ ಅವುಗಳ ಫಾರಂ ಪ್ರಿಂಟ್ ಹಾಕಿಸಿಕೊಳ್ಳಿ. ಎರಡು ಫಾರಂಗೆ ಸಹಿಯಾದರೂ ಪರವಾಗಿಲ್ಲ, ಬದಲಾಗದ ಇನ್ನೊಂದು ಫೋನ್ ನಂಬರ್ ಕೂಡ ಕೇಳಿಟ್ಟುಕೊಳ್ಳಿ. ಒಂದೇ ರೋಗಿಯ ಕೇಸ್ ರಿಪೋರ್ಟ್‌ಗೆ ಎಥಿಕ್ಸ್ ಕಮಿಟಿಯ ಅನುಮತಿ ಬೇಕೋ ಬೇಡವೋ ಅನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಬೇಡ ಅಂದರೆ "ಬೇಡ" ಅಂತಲೇ ಬರೆಸಿಕೊಂಡು ಬನ್ನಿ, ಎಡಿಟರ್ ಆ ಕಾಗದ ಕೇಳಬಹುದು.

ಇನ್ನು ಬರವಣಿಗೆ. "ಅಪರೂಪದ ಕೇಸ್" ಅಂದಿರಿ. ನಾನೂ ಎರಡನೇ ಸಲ ಹಾಗೇ ಅಂದುಕೊಂಡು ಹೊರಟೆ. ಆ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಅದರಲ್ಲೇ ಇದೆ. (ಗುರುತು ಸಿಗಬಾರದೆಂದು ಒಂದಷ್ಟು ವಿವರ ಬಿಟ್ಟಿದ್ದೇನೆ.)

ಮಧ್ಯವಯಸ್ಸಿನ ಒಬ್ಬ ಮಹಿಳೆ. ಆರು ವರ್ಷದಿಂದ ಫಿಟ್ಸ್, ಮೂರು ಥರದ ಮಾತ್ರೆ ನುಂಗಿದರೂ ಹತೋಟಿಗೆ ಬಂದಿರಲಿಲ್ಲ. ಅಡ್ಮಿಟ್ ಆದ ಎರಡನೇ ರಾತ್ರಿ, ಬೆಳಗಿನ ಜಾವ, ಮತ್ತೆ ಫಿಟ್ಸ್. ಡ್ಯೂಟಿಯಲ್ಲಿದ್ದ ಸಿಸ್ಟರ್ ನನ್ನನ್ನು ಕರೆಯುವ ಮೊದಲೇ ಗ್ಲುಕೋಮೀಟರ್ ಹಚ್ಚಿ ನೋಡಿದ್ದರು: ಶುಗರ್ 38, ತೀರಾ ಕಡಿಮೆ. ಡೆಕ್ಸ್ಟ್ರೋಸ್ ಕೊಡುವುದಕ್ಕೆ ಮುಂಚೆ ರಕ್ತದ ಸ್ಯಾಂಪಲ್ ಕೂಡ ತೆಗೆದಿಟ್ಟಿದ್ದರು. ಅದರಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್ (ದೇಹವೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಬರುವ ವಸ್ತು) ಎರಡೂ ಏರಿದ್ದವು. ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿಯ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆ. ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಅತಿಯಾಗಿ ಸುರಿಸಿ ಶುಗರ್ ಇಳಿಸುವ ಗಡ್ಡೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವಂಥದ್ದು. ನನಗೆ ಖುಷಿಯೋ ಖುಷಿ. "ಇನ್ಸುಲಿನೋಮಾ: ಒಂದು ಅಪರೂಪದ ಕೇಸ್" ಅಂತ ತಲೆಬರಹ ಕೊಟ್ಟು ಕಳಿಸಿದೆ. ನಾಲ್ಕೇ ದಿನಕ್ಕೆ ವಾಪಸ್. ರಿವ್ಯೂವರ್ (ಲೇಖನ ಪರಿಶೀಲಿಸುವ ಹೊರಗಿನ ತಜ್ಞರು) ತನಕವೂ ಹೋಗಲಿಲ್ಲ. ಎಡಿಟರ್ ಬರೆದದ್ದರ ಸಾರ ಇಷ್ಟೇ: ಇನ್ಸುಲಿನೋಮಾದ ಬಗ್ಗೆ ಬೇಕಾದಷ್ಟು ರಿಪೋರ್ಟ್ ಬಂದಿವೆ, ಇದನ್ನು ಓದಿದ ವೈದ್ಯರು ನಾಳೆ ಬೆಳಿಗ್ಗೆ ಏನನ್ನು ಬೇರೆ ಥರ ಮಾಡಬೇಕು?

ಒಂದು ವಾರ ಸಿಟ್ಟಿನಲ್ಲಿದ್ದೆ. ಆಮೇಲೆ ನಮ್ಮ ಸೀನಿಯರ್ ಒಬ್ಬರು ಒಂದು ಬಿಳಿ ಹಾಳೆ ಕೊಟ್ಟು, "ಇಂಗ್ಲಿಷ್ ಗೊಡವೆ ಬೇಡ, ಮೂರು ಕಾಲಂ ಎಳಿ. ಯಾವಾಗ, ಏನಾಯ್ತು, ಆಗ ನಾವು ಏನಂದುಕೊಂಡ್ವಿ" ಅಂದರು. ಹಳೆಯ ಫೈಲುಗಳನ್ನೆಲ್ಲ ಹರಡಿಕೊಂಡು ತುಂಬಿಸುತ್ತಾ ಹೋದೆ. ಸಮಯ ನಮೂದಾಗಿದ್ದ ಫಿಟ್ಸ್ ಹನ್ನೊಂದು. ಅದರಲ್ಲಿ ಒಂಬತ್ತು ಬೆಳಗಿನ 4ರಿಂದ 6ರ ನಡುವೆ. ಉಳಿದೆರಡು ಊಟ ತಪ್ಪಿದ ದಿನ. ಆರು ವರ್ಷದಲ್ಲಿ ಶುಗರ್ ಪರೀಕ್ಷೆ ಆಗಿರಲಿಲ್ಲವಾ? ಆಗಿತ್ತು, ನಾಲ್ಕು ಸಲ. ನಾಲ್ಕೂ ಸಲ ಒಪಿಡಿಯಲ್ಲಿ, ತಿಂಡಿ ತಿಂದು ಬಂದ ಮೇಲೆ, ನಾಲ್ಕೂ ನಾರ್ಮಲ್. ಶುಗರ್ ಇಳಿಯುತ್ತಿದ್ದದ್ದು ಹೊಟ್ಟೆ ಖಾಲಿ ಇದ್ದಾಗ, ನೋಡಿದ್ದು ತಿಂದ ಮೇಲೆ. ಹಾಳೆ ನೋಡುತ್ತಾ ಮೈ ಜುಮ್ಮೆಂದಿತು. ನಾನು ಬರೆಯಬೇಕಾಗಿದ್ದ ರಿಪೋರ್ಟ್ ಗಡ್ಡೆಯದ್ದಾಗಿರಲಿಲ್ಲ, ಈ ನಾಲ್ಕು ನಾರ್ಮಲ್ ಶುಗರ್‌ಗಳದ್ದು. ಹೊಸ ತಲೆಬರಹ: "ಆರು ವರ್ಷ ಅಪಸ್ಮಾರವೆಂದು ಚಿಕಿತ್ಸೆ ಪಡೆದ ಇನ್ಸುಲಿನೋಮಾ: ಕೇಸ್ ರಿಪೋರ್ಟ್."

ನಿಮ್ಮ ಕೇಸಿಗೂ ಮೊದಲು ಆ ಹಾಳೆ ಮಾಡಿ. ಎಡಿಟರ್ ಕೇಳಿದ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬರೆಯಲು ಆಗದಿದ್ದರೆ ಮುಂದಿನ ಪ್ಯಾರಾಕ್ಕೆ ಕೈ ಹಾಕಬೇಡಿ. ಆ ಒಂದು ವಾಕ್ಯಕ್ಕೆ ಸಂಬಂಧವಿಲ್ಲದ ಲ್ಯಾಬ್ ರಿಪೋರ್ಟ್‌ಗಳನ್ನೆಲ್ಲ ಆಮೇಲೆ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬಹುದು. ಪಿ.ಜಿ.ಗಳು ಬರೆದದ್ದರಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪೆಂದರೆ ಡಿಸ್ಚಾರ್ಜ್ ಸಮ್ಮರಿಯನ್ನು ಹಾಗೇ ಉದ್ದ ಮಾಡಿಡುವುದು.

ಚೌಕಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ. ಕೇಸ್ ರಿಪೋರ್ಟ್ ಬರೆಯುವುದಕ್ಕೆಂದೇ 2013ರಲ್ಲಿ ಬಂದ ಕೇರ್ (CARE) ಮಾರ್ಗಸೂಚಿ ಇದೆ, 13 ಅಂಶಗಳ ಚೆಕ್‌ಲಿಸ್ಟ್. ತಲೆಬರಹದಲ್ಲೇ "ಕೇಸ್ ರಿಪೋರ್ಟ್" ಅನ್ನುವ ಪದ ಇರಬೇಕು ಅನ್ನುವುದರಿಂದ ಹಿಡಿದು ಟೈಮ್‌ಲೈನ್, ಫಾಲೋ-ಅಪ್, ರೋಗಿಯ ಸ್ವಂತ ಅನಿಸಿಕೆ, ಒಪ್ಪಿಗೆ ತನಕ ಎಲ್ಲ ಅದರಲ್ಲಿದೆ. ಅನೇಕ ಜರ್ನಲ್‌ಗಳು ಅದನ್ನು ತುಂಬಿಸಿ ಜೊತೆಗಿಡಲು ಹೇಳುತ್ತವೆ. ಬರೆಯುವ ಕ್ರಮ ಮಾತ್ರ ಅದರಂತೆ ಬೇಡ: ಮೊದಲು ಕೇಸ್, ಆಮೇಲೆ ಚರ್ಚೆ, ಆಮೇಲೆ ಪೀಠಿಕೆ, ಕಟ್ಟಕಡೆಗೆ ಅಬ್‌ಸ್ಟ್ರಾಕ್ಟ್ (ಸಾರಾಂಶ).

ಕೇಸ್ ಭಾಗ ಹೇಗಿರಬೇಕು ಅನ್ನುವುದಕ್ಕೆ ನನ್ನದೇ ಒಂದು ವಾಕ್ಯ. ಮೊದಲ ಸಲ ಬರೆದದ್ದು: "ರೋಗಿಯ ಶುಗರ್ ಕಡಿಮೆಯಿದ್ದು, ಸೂಕ್ತ ಚಿಕಿತ್ಸೆ ನೀಡಲಾಯಿತು." ತಿದ್ದಿದ ಮೇಲೆ: "ದಾಖಲಾದ 2ನೇ ದಿನ ಬೆಳಗಿನ 4:40ಕ್ಕೆ, ಕೊನೆಯ ಊಟದ ಎಂಟು ಗಂಟೆಗಳ ನಂತರ, ಫಿಟ್ಸ್ ನಡೆಯುತ್ತಿರುವಾಗಲೇ ಗ್ಲುಕೋಮೀಟರ್‌ನಲ್ಲಿ ಶುಗರ್ ಡೆಸಿಲೀಟರ್‌ಗೆ 38 ಮಿಲಿಗ್ರಾಂ (ಲೀಟರ್‌ಗೆ 2.1 ಮಿಲಿಮೋಲ್) ಇತ್ತು. ಶೇ. 25ರ ಡೆಕ್ಸ್ಟ್ರೋಸ್ 100 ಮಿಲಿಲೀಟರ್ ರಕ್ತನಾಳಕ್ಕೆ ಕೊಟ್ಟ ಐದು ನಿಮಿಷದಲ್ಲಿ ರೋಗಿ ತಮ್ಮ ಹೆಸರು ಹೇಳಿದರು." ಅದೇ ಘಟನೆ. ಆದರೆ ಎರಡನೆಯದನ್ನು ಓದಿದವರು ತಾವೇ ರೋಗ ಕಂಡುಹಿಡಿಯಬಲ್ಲರು. ಕ್ಯಾಲೆಂಡರ್ ತಾರೀಖು ಎಲ್ಲೂ ಇಲ್ಲ ನೋಡಿ, "2ನೇ ದಿನ" ಅಂತಷ್ಟೇ ಇದೆ. ತಾರೀಖು, ಊರು, ಕೆಲಸ, ಆಸ್ಪತ್ರೆ ನಂಬರ್ ಎಲ್ಲ ಹೋಗಬೇಕು. ಗುರುತು ಮರೆಸುವುದಕ್ಕೆಂದು ವಯಸ್ಸನ್ನೋ ಲಿಂಗವನ್ನೋ ಸುಳ್ಳು ಬರೆಯಬೇಡಿ, ಅದರಿಂದ ವಿಜ್ಞಾನವೇ ಸುಳ್ಳಾಗುತ್ತದೆ. ಬೇಡದ್ದನ್ನು ಬಿಟ್ಟುಬಿಡಿ, ಸಾಕು.

ಫೋಟೋ, ಎಕ್ಸ್-ರೇ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮುಚ್ಚಿತು ಅನ್ನುವುದು ಹಳೇ ಕಾಲದ ನಂಬಿಕೆ, ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಅದು ಸಾಲದು ಎನ್ನುತ್ತದೆ. ಇನ್ನೊಂದು: ವರ್ಡ್‌ನಲ್ಲೋ ಪವರ್‌ಪಾಯಿಂಟ್‌ನಲ್ಲೋ ಚಿತ್ರವನ್ನು ಕ್ರಾಪ್ ಮಾಡಿ ಮೂಲೆಯಲ್ಲಿದ್ದ ಹೆಸರು ತೆಗೆದೆ ಅಂದುಕೊಳ್ಳುತ್ತೀರಿ. ಕತ್ತರಿಸಿದ ಭಾಗ ಫೈಲಿನೊಳಗೆ ಹಾಗೇ ಕೂತಿರುತ್ತದೆ, ಯಾರಾದರೂ ಎಳೆದರೆ ಹೆಸರು ಹೊರಗೆ. ಸ್ಕ್ಯಾನ್‌ನ ಡೈಕಾಮ್ ಫೈಲ್‌ನಲ್ಲಂತೂ ಚಿತ್ರದ ಮೇಲೆ ಕಾಣದಿದ್ದರೂ ಒಳಗಿನ ಮಾಹಿತಿಯಲ್ಲಿ ಹೆಸರು, ಹುಟ್ಟಿದ ದಿನ ಇರುತ್ತದೆ. ರೇಡಿಯಾಲಜಿಯವರಿಗೆ ಹೇಳಿ ಹೆಸರಿಲ್ಲದ ಇಮೇಜ್ ಎಕ್ಸ್‌ಪೋರ್ಟ್ ಮಾಡಿಸಿಕೊಳ್ಳಿ.

ಚರ್ಚೆಯ ಭಾಗಕ್ಕೆ ಮುಂಚೆ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ) ಸರಿಯಾಗಿ ಹುಡುಕಿ. ಯಾವ ಪದ ಹಾಕಿದಿರಿ, ಯಾವ ದಿನ ಹುಡುಕಿದಿರಿ ಬರೆದಿಟ್ಟುಕೊಳ್ಳಿ. "ಜಗತ್ತಿನ ಮೊದಲ ಕೇಸ್" ಅಂತ ಬರೆಯುವ ಆಸೆ ಬರುತ್ತದೆ, ತಡೆಯಿರಿ. ಹುಡುಕಾಟ ಗಟ್ಟಿಯಾಗಿದ್ದರೆ ಮಾತ್ರ "ನಮಗೆ ತಿಳಿದ ಮಟ್ಟಿಗೆ" ಅನ್ನಿ. ಒಬ್ಬ ರೋಗಿಯಿಂದ "ಈ ಔಷಧಿ ಗುಣ ಮಾಡುತ್ತದೆ" ಅಂತಲೂ "ಇದೇ ಕಾರಣ" ಅಂತಲೂ ಸಾಬೀತಾಗುವುದಿಲ್ಲ. ಪ್ರಸಿದ್ಧ ವರದಿಗಳೂ ಪ್ರಶ್ನೆ ಎತ್ತಿದವಷ್ಟೇ. 1961ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಥಾಲಿಡೊಮೈಡ್ ಅನ್ನುವ ಮಾತ್ರೆಯ ಬಗ್ಗೆ ಬರೆದದ್ದು ಕೆಲವೇ ಸಾಲಿನ ಪತ್ರ. ಬಸುರಿನಲ್ಲಿ ಈ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಹುಟ್ಟಿನಿಂದಲೇ ತೀವ್ರ ಅಂಗವೈಕಲ್ಯ ನೋಡುತ್ತಿದ್ದೇನೆ, ನೀವು ಯಾರಾದರೂ ನೋಡಿದ್ದೀರಾ ಅನ್ನುವ ಧಾಟಿ. ಏಡ್ಸ್ ಬಗ್ಗೆ ಜಗತ್ತಿಗೆ ಮೊದಲು ಗೊತ್ತಾದದ್ದೂ 1981ರ ಜೂನ್ 5ರಂದು ಪ್ರಕಟವಾದ, ಲಾಸ್ ಏಂಜಲೀಸ್‌ನ ಐವರು ಯುವಕರ ನ್ಯುಮೋನಿಯಾದ ಚಿಕ್ಕ ವರದಿಯಿಂದ. ಎರಡರಲ್ಲೂ ದೊಡ್ಡ ಮಾತಿಲ್ಲ. ನಿಮ್ಮದು ಔಷಧಿಯ ಅಡ್ಡಪರಿಣಾಮದ ಕೇಸಾದರೆ ನರಾಂಜೊ ಸ್ಕೋರ್ (ಆ ಔಷಧಿಯೇ ಕಾರಣವಾಗಿರುವ ಸಾಧ್ಯತೆ ಎಷ್ಟು ಅಂತ ಅಳೆಯುವ ಪಟ್ಟಿ) ಹಾಕಿ, ಹತ್ತು ಪ್ರಶ್ನೆ, ಹತ್ತು ನಿಮಿಷದ ಕೆಲಸ. ಹಾಕದಿದ್ದರೆ ರಿವ್ಯೂವರ್ ಕೇಳಿಯೇ ಕೇಳುತ್ತಾರೆ.

ಎಐ ಚಾಟ್‌ಬಾಟ್‌ನಿಂದ ಇಂಗ್ಲಿಷ್ ತಿದ್ದಿಸಿದರೆ ಜರ್ನಲ್‌ಗೆ ಹೇಳಿಬಿಡಿ. ರೋಗಿಯ ವಿವರ ಅದಕ್ಕೆ ಹಾಕಬೇಡಿ. ಅದು ಕೊಟ್ಟ ರೆಫರೆನ್ಸ್‌ಗಳನ್ನು ಒಂದೊಂದಾಗಿ ತೆಗೆದು ಓದದೆ ಸೇರಿಸಬೇಡಿ, ಇಲ್ಲದ ಲೇಖನವನ್ನು ಇದ್ದ ಹಾಗೆ ಸೃಷ್ಟಿಸುವುದು ಅದಕ್ಕೆ ನೀರು ಕುಡಿದಷ್ಟು ಸುಲಭ.

ಲೇಖಕರ ಹೆಸರುಗಳ ಪಟ್ಟಿ ಮುಜುಗರದ ವಿಷಯ, ಆದರೂ ಮೊದಲೇ ತೀರ್ಮಾನಿಸಿ. ಮೇಲೆ ಹೇಳಿದ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹೇಳುತ್ತದೆ: ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಎಲ್ಲಕ್ಕೂ ಹೊಣೆ. ನಾಲ್ಕೂ ಇರಬೇಕು. ಯೂನಿಟ್ ಚೀಫ್ ಅನ್ನುವ ಒಂದೇ ಕಾರಣಕ್ಕೆ ಹೆಸರು ಹಾಕುವುದು ತಪ್ಪು. ಎರಡನೇ ವರ್ಷದ ಪಿ.ಜಿ. ಅದನ್ನು ಚೀಫ್ ಎದುರು ಹೇಳುವುದು ಹೇಗೆ ಅಂತ ಕೇಳಬೇಡಿ. ನಾನು ಮಾಡಿದ್ದೇನೆಂದರೆ, ಡ್ರಾಫ್ಟ್ ಪ್ರಿಂಟ್ ಅವರ ಕೈಗೆ ಕೊಟ್ಟು "ಸರ್, ಚರ್ಚೆಯ ಭಾಗ ನೀವು ತಿದ್ದಿಕೊಡಬೇಕು" ಅಂದೆ. ತಿದ್ದಿಕೊಟ್ಟರು, ನ್ಯಾಯವಾಗಿಯೇ ಹೆಸರು ಬಂತು. ಆ ರಾತ್ರಿ ಶುಗರ್ ನೋಡಿದ ಸಿಸ್ಟರ್‌ಗೆ ಕೃತಜ್ಞತೆಯ ಸಾಲಿನಲ್ಲಿ ಜಾಗ ಕೊಟ್ಟೆ, ಅವರ ಒಪ್ಪಿಗೆ ಕೇಳಿಯೇ.

ಜರ್ನಲ್ ಆರಿಸುವಾಗ ಮೊದಲು ನೋಡಬೇಕಾದ್ದು, ಅವರು ಕೇಸ್ ರಿಪೋರ್ಟ್ ತೆಗೆದುಕೊಳ್ಳುತ್ತಾರಾ ಅಂತ. ಎಷ್ಟೋ ಜರ್ನಲ್‌ಗಳು ನಿಲ್ಲಿಸಿಬಿಟ್ಟಿವೆ. ಆಮೇಲೆ ಪದಮಿತಿ, ಚಿತ್ರಗಳ ಮಿತಿ, ಶುಲ್ಕ. "ಗೌರವಾನ್ವಿತ ಡಾಕ್ಟರ್, ತಮ್ಮ ಅಮೂಲ್ಯ ಲೇಖನವನ್ನು ಮೂರು ದಿನದಲ್ಲಿ ಪ್ರಕಟಿಸುತ್ತೇವೆ" ಅನ್ನುವ ಮೇಲ್ ಬಂದರೆ ಡಿಲೀಟ್ ಮಾಡಿ. ಐಎಸ್‌ಎಸ್‌ಎನ್ ನಂಬರ್ (ಪತ್ರಿಕೆಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದೆ ಅಂದ ಮಾತ್ರಕ್ಕೆ ಒಳ್ಳೆಯ ಜರ್ನಲ್ ಅಲ್ಲ, ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಒಂದೇ ಸಲಕ್ಕೆ ಎರಡು ಕಡೆ ಕಳಿಸಬೇಡಿ. ರಿವ್ಯೂವರ್‌ಗೆ ಬರೆದವರ ಹೆಸರು ಕಾಣಬಾರದು ಅನ್ನುವ ಜರ್ನಲ್ ಆದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಉಳಿದಿದೆಯಾ ನೋಡಿ. ಕವರ್ ಲೆಟರ್ ಅರ್ಧ ಪುಟ ಸಾಕು, ಮೊದಲು ಬರೆದಿಟ್ಟ ಆ ಒಂದು ವಾಕ್ಯವೇ ಅದರ ಜೀವ.

"ರಿಜೆಕ್ಟ್ ಆಗದಂತೆ" ಅಂದಿರಿ. ಅದಕ್ಕೆ ಮದ್ದಿಲ್ಲ. ನನ್ನ ಎರಡನೇ ಪ್ರತಿ ಬೇರೆ ಜರ್ನಲ್‌ನಲ್ಲಿ ರಿವ್ಯೂ ತನಕ ಹೋಯಿತು, ಒಂಬತ್ತು ಪ್ರಶ್ನೆ ಬಂದವು. ಎಂಟಕ್ಕೆ ಸುಲಭವಾಗಿ ಉತ್ತರ ಸಿಕ್ಕಿತು. ಒಂಬತ್ತನೆಯದು: "ಸಲ್ಫೊನೈಲ್‌ಯೂರಿಯಾ (ಸಕ್ಕರೆ ಕಾಯಿಲೆಯ ಔಷಧಿ) ಮಾತ್ರೆ ನುಂಗಿದರೂ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಏರುತ್ತವೆ. ರಕ್ತದಲ್ಲಿ ಅದನ್ನು ಹುಡುಕಿದಿರಾ?" ಹುಡುಕಿರಲಿಲ್ಲ. ನಮ್ಮಲ್ಲಿ ಆ ಪರೀಕ್ಷೆಯೇ ಇರಲಿಲ್ಲ. ಏನಾದರೂ ಸುತ್ತಿ ಬಳಸಿ ಬರೆಯೋಣ ಅಂತ ಮನಸ್ಸು ಎಳೆಯಿತು. ಕೊನೆಗೆ ಇದ್ದದ್ದನ್ನೇ ಬರೆದೆವು: ಪರೀಕ್ಷೆ ಮಾಡಿಲ್ಲ, ಇದು ಈ ವರದಿಯ ಕೊರತೆ, ಮನೆಯಲ್ಲಿ ಯಾರೂ ಶುಗರ್ ಮಾತ್ರೆ ತೆಗೆದುಕೊಳ್ಳುವುದಿಲ್ಲವೆಂದು ವಿಚಾರಿಸಿದ್ದೇವೆ, ಬಯಾಪ್ಸಿ ಗಡ್ಡೆಯನ್ನು ಖಚಿತಪಡಿಸಿದೆ, ಆಪರೇಷನ್ ನಂತರ ಒಂದು ಸಲವೂ ಶುಗರ್ ಇಳಿದಿಲ್ಲ. ಈ ಮೂರು ಸಾಲನ್ನು ಲೇಖನದಲ್ಲೂ ಸೇರಿಸಿ, ಯಾವ ಪುಟ, ಯಾವ ಸಾಲು ಅಂತ ನಂಬರ್ ಹಾಕಿ ಕಳಿಸಿದೆವು. ಮೂರು ವಾರಕ್ಕೆ ಅಕ್ಸೆಪ್ಟ್ ಆಯಿತು.